ಮುಚ್ಚುವಾಗ ಬೆರಳು ಎಲ್ಲಿರುತ್ತದೆ? ಮಡಿಚುವ ಚಾಕುಗಳು ಮತ್ತು ಅವುಗಳ ಲಾಕ್

ಪುಣೆಯಲ್ಲಿ ಚಾರಣದ ಕನ್ನಡ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ

ಮಡಿಚುವ ಚಾಕು ಕೊಳ್ಳಲು ಹೋದವರನ್ನು ಒಮ್ಮೆ ಗಮನಿಸಿ. ಕೈಗೆ ಬಂದ ಕೂಡಲೇ ತೆರೆಯುತ್ತಾರೆ. ಟಕ್ ಅಂತ ಸದ್ದು ಬಂದರೆ ಖುಷಿಯೋ ಖುಷಿ. ಹೆಬ್ಬೆರಳಿನಿಂದ ಹರಿತ ನೋಡುತ್ತಾರೆ, ಉಕ್ಕು ಯಾವುದು ಅಂತ ಕೇಳುತ್ತಾರೆ, ರೇಟು ಕೇಳಿ ಮುಖ ಸಿಂಡರಿಸುತ್ತಾರೆ. ಮುಚ್ಚುವ ಕೆಲಸ ಮಾತ್ರ ಅಂಗಡಿಯವನಿಗೆ ಬಿಡುತ್ತಾರೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಆ ಮುಚ್ಚುವ ಕೆಲಸದ ಬಗ್ಗೆಯೇ. ತೆರೆದ ಅಲಗು ಮಡಿಚಿಕೊಳ್ಳದ ಹಾಗೆ ಹಿಡಿಯುವ ಲಾಕ್ ಎಷ್ಟು ಗಟ್ಟಿ ಅಂತ ಎಲ್ಲರೂ ಕೇಳುತ್ತಾರೆ. ಆ ಲಾಕ್ ಬಿಡಿಸುವಾಗ ನಿಮ್ಮ ಬೆರಳು ಎಲ್ಲಿರುತ್ತದೆ ಅಂತ ಯಾರೂ ಕೇಳುವುದಿಲ್ಲ. ದಿನಾ ಜೇಬಿನಲ್ಲಿ ಇಟ್ಟುಕೊಳ್ಳುವ ಚಾಕುವಿಗೆ ನನ್ನ ಮಟ್ಟಿಗೆ ಅದೇ ಮೊದಲ ಪ್ರಶ್ನೆ.

ಭೋಸರಿಯ ಟೂಲ್ ರೂಮುಗಳಲ್ಲಿ, ಅಂದರೆ ಕಾರ್ಖಾನೆಗಳಿಗೆ ಅಚ್ಚು, ಡೈ ಮಾಡುವ ಕಡೆ, ಕೆಲಸ ಮಾಡಿ ಬಂದವನು ನಾನು. ಹಾಗಾಗಿ ಚಾಕು ನೋಡಿದರೆ ಅದರ ಅಂದಕ್ಕಿಂತ ಪಿನ್ನು, ಸ್ಪ್ರಿಂಗು, ಸಂದು ಕಣ್ಣಿಗೆ ಬೀಳುತ್ತವೆ. ಈ ಮೇಜಿನ ಮೇಲಿರುವುದನ್ನೆಲ್ಲ ಒಂದೊಂದಾಗಿ ನಿಮ್ಮ ಕೈಗೆ ಕೊಡುತ್ತೇನೆ. ನೋಡಿ, ಪಕ್ಕದವರಿಗೆ ದಾಟಿಸಿ. ಆದರೆ ಮುಚ್ಚಿ ದಾಟಿಸಿ.

ಮೊದಲು, ಲಾಕ್ ಯಾಕೆ ಬೇಕು? ಸಿಂಹಗಡ ಹತ್ತಿ ಕೂತು ಸೌತೆಕಾಯಿ ಹೆಚ್ಚುತ್ತಿದ್ದೀರಿ ಅಂದುಕೊಳ್ಳಿ. ಬಲ ಬೀಳುವುದು ಅಲಗಿನ ಹರಿತವಾದ ಅಂಚಿನ ಮೇಲೆ. ಆ ಬಲ ಅಲಗನ್ನು ಇನ್ನೂ ತೆರೆಯುವ ಕಡೆಗೇ ತಳ್ಳುತ್ತದೆ. ಒಳಗೆ ಒಂದು ಸ್ಟಾಪ್ ಪಿನ್ನೋ, ಇಲ್ಲಾ ಹಿಡಿಯ ಅಂಚೋ ಇರುತ್ತದೆ, ಅದು ಅಲಗನ್ನು ತಡೆದು ನಿಲ್ಲಿಸುತ್ತದೆ. ಅಲ್ಲಿ ಲಾಕ್‌ಗೆ ಕೆಲಸವೇ ಇಲ್ಲ! ಹಣ್ಣು, ಹಗ್ಗ, ಕೊರಿಯರ್ ಡಬ್ಬದ ಟೇಪು, ಹಾಲಿನ ಪ್ಯಾಕೆಟ್ಟು, ಯಾವುದಕ್ಕೂ ಲಾಕ್ ಬೇಕಿಲ್ಲ.

ಹಾಗಾದರೆ ಲಾಕ್ ಯಾವಾಗ ಕೆಲಸಕ್ಕೆ ಬರುತ್ತದೆ? ತುದಿಯಿಂದ ಚುಚ್ಚಿ ತೂತು ಮಾಡುವಾಗ. ಬಿದಿರಿನಲ್ಲೋ ದಪ್ಪ ರಟ್ಟಿನಲ್ಲೋ ಸಿಕ್ಕಿಕೊಂಡ ಅಲಗನ್ನು ಅಲ್ಲಾಡಿಸಿ ಎಳೆಯುವಾಗ. ಅಲಗಿನ ಬೆನ್ನಿಗೆ ಏಟು ಬಿದ್ದಾಗ. ಈ ಹೊತ್ತಿನಲ್ಲಿ ಅಲಗು ಮಡಿಚಿಕೊಳ್ಳಲು ನೋಡುತ್ತದೆ, ಮತ್ತು ಅದು ಮಡಿಚಿಕೊಳ್ಳುವ ಜಾಗದಲ್ಲಿ ನಿಮ್ಮ ನಾಲ್ಕು ಬೆರಳು ಸುತ್ತಿಕೊಂಡಿರುತ್ತವೆ.

ಇಲ್ಲಿ ಒಂದು ಲೆಕ್ಕ ಇದೆ. ಚಿಕ್ಕವರಿದ್ದಾಗ ಬಾದಾಮಿ ಕಾಯನ್ನು ಬಾಗಿಲಿನ ಕೀಲಿನ ಸಂದಿಗೆ ಇಟ್ಟು ಬಾಗಿಲು ತಳ್ಳಿ ಒಡೆಯುತ್ತಿದ್ದೆವು, ನೆನಪಿದೆಯಾ? ಬಾಗಿಲಿನ ತುದಿಯನ್ನು ಮೆಲ್ಲಗೆ ತಳ್ಳಿದರೂ ಕೀಲಿನ ಹತ್ತಿರ ಕಾಯಿ ಪುಡಿಪುಡಿ. ಚಾಕುವಿನಲ್ಲಿ ಆ ಕಾಯಿಯ ಜಾಗದಲ್ಲಿ ಲಾಕ್ ಕೂತಿದೆ. ಅಲಗಿನ ತುದಿ ಕೀಲಿನಿಂದ 80 ಮಿಲಿಮೀಟರ್ ದೂರ, ಲಾಕ್ ತಾಗುವ ಜಾಗ 8 ಮಿಲಿಮೀಟರ್ ದೂರ ಅಂತಿಟ್ಟುಕೊಳ್ಳಿ. ತುದಿಯ ಹತ್ತಿರ ಬೆನ್ನಿನ ಮೇಲೆ 5 ಕಿಲೋ ಭಾರ ಬಿದ್ದರೆ ಲಾಕ್ ಮೇಲೆ 50 ಕಿಲೋ. ಸವೆತಕ್ಕೂ ಇದೇ ಲೆಕ್ಕ. ಲಾಕ್ ಹತ್ತಿರ 0.1 ಮಿಲಿಮೀಟರ್ ಸವೆದರೆ ತುದಿಯಲ್ಲಿ 1 ಮಿಲಿಮೀಟರ್ ಅಲ್ಲಾಟ. ಹಳೆಯ ಚಾಕು ಲಟಪಟ ಅನ್ನುವುದು ಇದರಿಂದಲೇ.

ಈಗ ಕೈಗೆ ಬರುತ್ತಿರುವ ಕೆಂಪು ಹಿಡಿಯದು ನಿಮಗೆಲ್ಲ ಗೊತ್ತು. ಕಾರ್ಲ್ ಎಲ್ಸೆನರ್ ಅನ್ನುವವರು ಸ್ವಿಟ್ಜರ್‌ಲೆಂಡಿನ ಇಬಾಖ್‌ನಲ್ಲಿ 1884ರಲ್ಲಿ ಕಾರ್ಖಾನೆ ಹಾಕಿದರು, 1891ರಲ್ಲಿ ಸೈನ್ಯಕ್ಕೆ ಮೊದಲ ಚಾಕುಗಳನ್ನು ಕೊಟ್ಟರು. ಇವತ್ತಿನ ವಿಕ್ಟೋರಿನಾಕ್ಸ್ ಅದೇ. ಜೇಬಿಗೆ ಬರುವ ಅದರ ಸಣ್ಣ ಮಾದರಿಗಳ ಅಲಗಿಗೆ ಲಾಕ್ ಇಲ್ಲ. ಹಿಡಿಯ ಬೆನ್ನಿನಲ್ಲಿ ಒಂದು ಉಕ್ಕಿನ ಪಟ್ಟಿ ಇದೆ, ಅದೇ ಸ್ಪ್ರಿಂಗು. ಅಲಗಿನ ಬುಡವನ್ನು ಅದು ಒತ್ತಿ ಹಿಡಿಯುತ್ತದೆ, ಅಷ್ಟೇ. ಇದಕ್ಕೆ ಸ್ಲಿಪ್ ಜಾಯಿಂಟ್ ಅನ್ನುತ್ತಾರೆ. ತೆರೆಯುವಾಗ ಪಟ್ಟಿ ಸ್ವಲ್ಪ ಮೇಲೇಳುತ್ತದೆ, ಪೂರ್ತಿ ತೆರೆದಾಗ ಮತ್ತೆ ಕೂತುಕೊಳ್ಳುತ್ತದೆ. ಹಿಡಿಯ ಬೆನ್ನ ಮೇಲೆ ಬೆರಳಿಟ್ಟು ತೆರೆದು ನೋಡಿ, ಗೊತ್ತಾಗುತ್ತದೆ.

ಲಾಕ್ ಇಲ್ಲದ್ದು ಅಂದರೆ ಆಟದ ಸಾಮಾನು ಅಂತ ನಮ್ಮ ಹುಡುಗರಲ್ಲಿ ಒಂದು ಭಾವನೆ ಇದೆ. ನಾನು ಒಪ್ಪುವುದಿಲ್ಲ. ಲಾಕ್ ಇಲ್ಲ ಅಂತ ಗೊತ್ತಿರುವ ಕೈ ಚುಚ್ಚಲು ಹೋಗುವುದಿಲ್ಲ, ಸನ್ನೆಕೋಲಿನ ಹಾಗೆ ಮೀಟಲು ಹೋಗುವುದಿಲ್ಲ. ಮುಚ್ಚುವಾಗ ಅಂಗೈಯನ್ನು ಅಲಗಿನ ಬೆನ್ನಿಗೆ ಕೊಟ್ಟು ಒತ್ತಿದರೆ ಮುಗಿಯಿತು, ಬೆರಳು ಅಲಗಿನ ದಾರಿಗೆ ಬರುವುದೇ ಇಲ್ಲ. ಬ್ರಿಟನ್ನಿನ ಕಾನೂನು ನೋಡಿ: 3 ಇಂಚಿಗಿಂತ ಉದ್ದವಿಲ್ಲದ, ಲಾಕ್ ಇಲ್ಲದ ಮಡಿಚುವ ಚಾಕುವನ್ನು ಕಾರಣ ಕೊಡದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದು. ಲಾಕ್ ಇದ್ದರೆ ಕಾರಣ ಬೇಕು. ಆಫೀಸು, ಮನೆ, ರೈಲು ಅಂತ ಓಡಾಡುವವರಿಗೆ ಇದೇ ಸಾಕು, ಧಾರಾಳವಾಗಿ ಸಾಕು.

ಇದು ಜಪಾನಿನ ಹಿಗೊನೊಕಾಮಿ. ಹಿತ್ತಾಳೆ ತಗಡನ್ನು ಮಡಿಸಿ ಮಾಡಿದ ಹಿಡಿ. ಹ್ಯೋಗೊ ಪ್ರಾಂತ್ಯದ ಮಿಕಿ ಊರಿನದು, 19ನೇ ಶತಮಾನದ ಕೊನೆಯ ಹೊತ್ತಿನಿಂದ ಮಾಡುತ್ತಾ ಬಂದಿದ್ದಾರೆ. ಅಲ್ಲಿನ ಶಾಲೆ ಮಕ್ಕಳು ಪೆನ್ಸಿಲ್ ಚೂಪು ಮಾಡಲು ಇದನ್ನೇ ಇಟ್ಟುಕೊಳ್ಳುತ್ತಿದ್ದರು. ಇದರಲ್ಲಿ ಸ್ಪ್ರಿಂಗೂ ಇಲ್ಲ, ಲಾಕೂ ಇಲ್ಲ. ಅಲಗಿನ ಹಿಂದೆ ಒಂದು ಸಣ್ಣ ಬಾಲ ಇದೆಯಲ್ಲ, ತೆರೆದ ಮೇಲೆ ಅದು ಹಿಡಿಯ ಮೇಲೆ ಬಂದು ಕೂರುತ್ತದೆ, ಹೆಬ್ಬೆರಳಲ್ಲಿ ಒತ್ತಿ ಹಿಡಿಯಬೇಕು. ನಿಮ್ಮ ಹೆಬ್ಬೆರಳೇ ಲಾಕ್. ಕ್ಷೌರದ ಹಳೇ ಮಡಿಚುವ ಕತ್ತಿಯೂ ಇದೇ ಜಾತಿ.

ಮುಂದಿನ ಸಾಲಿನಲ್ಲಿ ಕೂತ ಅಕ್ಕನವರು ಕೇಳುತ್ತಿದ್ದಾರೆ, ನಮ್ಮ ಮಡಿಚುವ ಈಳಿಗೆ ಮಣೆ ಯಾವ ಜಾತಿ ಅಂತ. ಒಳ್ಳೇ ಪ್ರಶ್ನೆ! ತುಳಶಿಬಾಗಿನಲ್ಲಿ ಸಿಗುತ್ತದಲ್ಲ, ಇಲ್ಲಿಯವರು ವಿಳಿ ಅನ್ನುವುದು, ಅಲಗು ಮಣೆಯ ಮೇಲೆ ಮಲಗುವಂಥದ್ದು. ತರಕಾರಿಯನ್ನು ಮುಂದಕ್ಕೆ ಒತ್ತಿದಷ್ಟೂ ಅಲಗು ಮಡಿಚುವ ಕಡೆಗೆ ಹೋಗುವುದಿಲ್ಲ, ತಡೆಗೆ ಒತ್ತಿಕೊಂಡು ನಿಲ್ಲುತ್ತದೆ. ಲಾಕ್ ಇಲ್ಲದೆಯೂ ಮನೆ ಮನೆಯಲ್ಲಿ ಕುಂಬಳಕಾಯಿ ಹೋಳಾಗುತ್ತಿರುವುದು ಹೀಗೆ. ಅದರಲ್ಲೂ ಕೈ ಕುಯ್ದುಕೊಳ್ಳುವುದು ಹೆಚ್ಚುವಾಗ ಕಡಿಮೆ, ಕೆಲಸ ಮುಗಿದು ಬೇರೆ ಏನನ್ನೋ ನೋಡುತ್ತಾ ಮಡಿಚುವಾಗ ಜಾಸ್ತಿ. ಅಲ್ವಾ ಅಕ್ಕಾ?

ಈಗ ಲಾಕ್ ಇರುವವುಗಳಿಗೆ ಬರೋಣ. ಈ ಮರದ ಹಿಡಿಯದು ಒಪಿನೆಲ್. ಫ್ರಾನ್ಸಿನ ಸವೊಯಿ ಪ್ರದೇಶದ ಜೋಸೆಫ್ ಒಪಿನೆಲ್ 1890ರಲ್ಲಿ ಶುರು ಮಾಡಿದ್ದು. 1955ರಲ್ಲಿ ಇದಕ್ಕೆ ಕುತ್ತಿಗೆಯ ಉಂಗುರ ಬಂತು. ತೆರೆದ ಮೇಲೆ ಉಂಗುರ ತಿರುಗಿಸಿದರೆ ಅಲಗಿನ ಬುಡದ ಹಿಂದಿನ ಸಂದು ಮುಚ್ಚಿಹೋಗುತ್ತದೆ, ಅಲಗು ಹಿಂದಕ್ಕೆ ಬರಲಾರದು. ಇಷ್ಟು ಸರಳ ಲಾಕ್ ಇನ್ನೊಂದಿಲ್ಲ. ಸವೆಯುವ ಸ್ಪ್ರಿಂಗ್ ಇಲ್ಲ, ಜೇಬಿನ ಕಸ ಸೇರಿ ಕೆಡುವಂಥದ್ದು ಏನೂ ಇಲ್ಲ. ಮುಚ್ಚಬೇಕಾದರೆ ಎರಡೂ ಕೈ ಬೇಕು. ಮೊದಲು ಉಂಗುರ ತಿರುಗಿಸಬೇಕು, ಆಮೇಲೆ ಅಲಗು ಮಡಿಚಬೇಕು. ಒಂದಾದ ಮೇಲೆ ಒಂದು ಆಗುವುದರಿಂದ ಬೆರಳಿಗೆ ಎಚ್ಚರ ಇರುತ್ತದೆ.

ಆದರೆ ನಮ್ಮ ಮಳೆಗಾಲ ಇದಕ್ಕೆ ಒಗ್ಗುವುದಿಲ್ಲ. ಹಿಡಿ ಬೀಚ್ ಮರದ್ದು. ಜುಲೈನಲ್ಲಿ ರಾಜಗಡಕ್ಕೆ ಹೋಗಿ ಬನ್ನಿ, ಮರ ನೀರು ಕುಡಿದು ಊದಿ ಅಲಗನ್ನು ಕಚ್ಚಿಕೊಂಡಿರುತ್ತದೆ. ಉಗುರು ಮುರಿದರೂ ಬರುವುದಿಲ್ಲ. ಅದಕ್ಕೆ ಸವೊಯಿಯವರೇ ಕಂಡುಕೊಂಡ ಉಪಾಯ ಇದೆ. ಉಂಗುರ ಬಿಡಿಸಿ, ಹಿಡಿಯ ಹಿಂಭಾಗವನ್ನು ಕಲ್ಲಿಗೋ ಮೇಜಿಗೋ ಕುಟ್ಟಿ. ಅಲಗಿನ ತುದಿ ತಾನೇ ಎದ್ದು ಬರುತ್ತದೆ. ಇನ್ನೊಂದು ವಿಷಯ, ಇದರಲ್ಲಿ ಕಾರ್ಬನ್ ಉಕ್ಕಿನದೂ ಇದೆ, ಸ್ಟೇನ್‌ಲೆಸ್‌ನದೂ ಇದೆ. ಕಾರ್ಬನ್ ಅಲಗಿನಲ್ಲಿ ಮಾವಿನಹಣ್ಣು ಹೆಚ್ಚಿದರೆ ಬೂದು ಬಣ್ಣದ ಕಲೆ ಬೀಳುತ್ತದೆ. ಅದು ತುಕ್ಕಲ್ಲ, ಹೆದರಬೇಡಿ. ಕೆಂಪಗೆ ಕಂಡರೆ ಮಾತ್ರ ತುಕ್ಕು.

ಲಾಕ್‌ಬ್ಯಾಕ್ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಬೆನ್ನಿನ ಪಟ್ಟಿಯ ತುದಿಯಲ್ಲಿ ಒಂದು ಮೂಗು, ಅಲಗಿನ ಬುಡದಲ್ಲಿ ಒಂದು ಕಚ್ಚು. ಮೂಗು ಕಚ್ಚಿನೊಳಗೆ ಬಿದ್ದರೆ ಲಾಕ್. ಅಮೆರಿಕದ ಬಕ್ ಕಂಪನಿ 1964ರಲ್ಲಿ ತಂದ ಬಕ್ 110ನಿಂದ ಇದು ಮನೆಮಾತಾಯಿತು. ಗಟ್ಟಿ, ನಂಬಬಹುದು. ಆ ಚಾಕು ಮಾತ್ರ ಸುಮಾರು 200 ಗ್ರಾಂ ತೂಗುತ್ತದೆ, ಪ್ಯಾಂಟು ಜಗ್ಗುತ್ತದೆ. ತೊಂದರೆ ಕಚ್ಚಿನಲ್ಲಿದೆ. ಜೇಬಿನ ನೂಲು, ಧೂಳು ಅಲ್ಲಿ ಸೇರಿ ಗಟ್ಟಿಯಾದರೆ ಮೂಗು ಪೂರ್ತಿ ಕೂರುವುದಿಲ್ಲ. ಸದ್ದೇನೋ ಬರುತ್ತದೆ, ಲಾಕ್ ಬಿದ್ದ ಹಾಗೇ ಕಾಣುತ್ತದೆ. ಹಲ್ಲು ಕೆದಕುವ ಕಡ್ಡಿಯಿಂದ ಆಗಾಗ ಕಚ್ಚನ್ನು ಕೆದಕಿ ತೆಗೆಯಿರಿ.

ಇನ್ನು ಲೈನರ್ ಲಾಕ್. ಇವತ್ತು ನಿಮ್ಮಲ್ಲಿ ಜಾಸ್ತಿ ಜನರ ಜೇಬಲ್ಲಿ ಇರುವುದು ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಹಿಡಿಯ ಒಳಗೆ ಎರಡೂ ಕಡೆ ತೆಳುವಾದ ಲೋಹದ ಪಟ್ಟಿ ಇರುತ್ತದೆ, ಅದು ಲೈನರ್. ಒಂದು ಕಡೆಯ ಲೈನರನ್ನು ಸೀಳಿ ಒಳಕ್ಕೆ ಬಗ್ಗಿಸಿರುತ್ತಾರೆ. ಅಲಗು ಪೂರ್ತಿ ತೆರೆದ ಕೂಡಲೇ ಆ ಪಟ್ಟಿ ಒಳಗೆ ಸರಿದು ಅಲಗಿನ ಬುಡಕ್ಕೆ ಆನಿಕೊಂಡು ನಿಲ್ಲುತ್ತದೆ. ಮೈಕೆಲ್ ವಾಕರ್ ಅನ್ನುವ ಅಮೆರಿಕದ ಚಾಕು ತಯಾರಕರು 1980ರ ದಶಕದ ಮೊದಲ ಭಾಗದಲ್ಲಿ ಇದಕ್ಕೆ ಇವತ್ತಿನ ರೂಪ ಕೊಟ್ಟರು. ಅಲಗಿನ ಬುಡವನ್ನು ನೇರ ಕುಯ್ದಿರುವುದಿಲ್ಲ, ಸ್ವಲ್ಪ ಓರೆ. ಪಟ್ಟಿ ಸವೆದ ಹಾಗೆಲ್ಲ ಇನ್ನೊಂದಿಷ್ಟು ಒಳಗೆ ಸರಿದು ಸಂದು ತುಂಬಿಕೊಳ್ಳುತ್ತದೆ. ಆ ಪಟ್ಟಿಯಲ್ಲೇ ಸಾಸಿವೆಗಿಂತ ಚಿಕ್ಕದೊಂದು ಗುಂಡು ಇದೆ, ಬೆಳಕಿಗೆ ಹಿಡಿದು ನೋಡಿ. ಮುಚ್ಚಿದಾಗ ಅದು ಅಲಗಿನ ಒಂದು ಕುಳಿಯಲ್ಲಿ ಕೂತು, ಜೇಬಿನಲ್ಲಿ ಚಾಕು ತಾನಾಗಿ ತೆರೆಯದ ಹಾಗೆ ಹಿಡಿದಿರುತ್ತದೆ. ಎರಡು ಕೆಲಸಕ್ಕೆ ಒಂದೇ ತಗಡು. ಟೂಲ್ ರೂಮಿನವನಾಗಿ ನಾನು ಇದಕ್ಕೆ ಕೈ ಮುಗಿಯುತ್ತೇನೆ.

ಆದರೆ ಮುಚ್ಚಿ ನೋಡಿ. ಯಾರ ಕೈಯಲ್ಲಿದೆಯೋ ಅವರು ಮೆಲ್ಲಗೆ ಮುಚ್ಚಿ. ಹೆಬ್ಬೆರಳು ಎಲ್ಲಿ ಹೋಯಿತು? ಪಟ್ಟಿಯನ್ನು ಪಕ್ಕಕ್ಕೆ ಒತ್ತಲು ಹಿಡಿಯ ಬಾಯೊಳಗೇ ಹೋಯಿತು, ಅಂದರೆ ಅಲಗು ಬಂದು ಬೀಳುವ ದಾರಿಗೇ. ಲಾಕ್ ಬಿಟ್ಟ ಕ್ಷಣ ಬೆರಳು ತೆಗೆಯಬೇಕು. ಇಲ್ಲಿ ಫ್ಯಾನ್ ಕೆಳಗೆ ಕೂತು ಮಾಡುವಾಗ ಏನೂ ಆಗುವುದಿಲ್ಲ. ಹರಿಶ್ಚಂದ್ರಗಡದ ಮೇಲೆ, ಮಂಜಿನಲ್ಲಿ, ಬೆರಳು ಮರಗಟ್ಟಿರುವಾಗ, ಪಕ್ಕದವನು ಚಹಾ ಬೇಕಾ ಅಂತ ಕೇಳುತ್ತಿರುವಾಗ ಮಾಡಿ ನೋಡಿ. ಮಾವಿನಹಣ್ಣಿನ ರಸ ಒಳಗಿಳಿದು ಒಣಗಿದ್ದರಂತೂ ಪಟ್ಟಿ ಅಲಗಿಗೆ ಅಂಟಿಕೊಂಡಿರುತ್ತದೆ. ನೀವು ಜೋರಾಗಿ ಒತ್ತುತ್ತೀರಿ, ಅದು ತಟ್ಟನೆ ಬಿಡುತ್ತದೆ. ನಮ್ಮ ಚಾರಣಗಳಲ್ಲಿ ಬ್ಯಾಂಡೇಜ್ ಖರ್ಚಾಗಿದ್ದನ್ನು ನಾನು ನೋಡಿರುವುದು ಹೆಚ್ಚಾಗಿ ಹೀಗೆ.

ಇನ್ನೊಂದು ಕೊರತೆ ಅಗ್ಗದ ಮಾಲಿನಲ್ಲಿ ಕಾಣುತ್ತದೆ. ಲೈನರ್ ಕಾಗದದ ಹಾಗೆ ತೆಳ್ಳಗಿದ್ದರೆ, ಹಿಡಿಯನ್ನು ತಿರುಚಿ ಹಿಡಿದಾಗ ಪಟ್ಟಿ ಜಾರುತ್ತದೆ. ಅಂಗಡಿಯಲ್ಲಿ ತೆರೆದು, ಪಟ್ಟಿ ಅಲಗಿನ ಬುಡದ ಎಷ್ಟು ಭಾಗಕ್ಕೆ ತಾಗಿದೆ ಅಂತ ನೋಡಿ. ಕಾಲು ಭಾಗದಿಂದ ಅರ್ಧದವರೆಗೆ ಇದ್ದರೆ ಒಳ್ಳೇದು. ಅಂಚಿಗಷ್ಟೇ ತಾಗಿದ್ದರೆ ಬೇಡ. ಹೊಸದರಲ್ಲೇ ಆ ಕಡೆಯ ಗೋಡೆಗೆ ಹೋಗಿ ತಾಗಿದ್ದರೂ ಬೇಡ, ಮುಂದೆ ಸವೆದಾಗ ಸರಿಯಲು ಜಾಗವೇ ಇಲ್ಲ.

ಫ್ರೇಮ್ ಲಾಕ್ ಇದರ ದೊಡ್ಡಣ್ಣ. ಚಾಕು ತಯಾರಕ ಕ್ರಿಸ್ ರೀವ್ ತಮ್ಮ ಸೆಬೆಂಜಾ ಚಾಕುವಿನ ಮೂಲಕ ಪ್ರಸಿದ್ಧಿಗೆ ತಂದರು. ಒಳಗಿನ ತೆಳು ಪಟ್ಟಿಯ ಬದಲು ಹಿಡಿಯ ಒಂದು ಪಕ್ಕವೇ ಲಾಕ್ ಆಗುತ್ತದೆ. ನೀವು ಬಿಗಿಯಾಗಿ ಹಿಡಿದಷ್ಟೂ ಲಾಕ್ ಬಿಗಿ. ತಿರುಚಿದರೆ ಜಾರುವ ಭಯ ಹೋಯಿತು. ಮುಚ್ಚುವಾಗ ಹೆಬ್ಬೆರಳು ಹೋಗುವ ಜಾಗ ಮಾತ್ರ ಅದೇ.

ಈಗ ನನಗೆ ಇಷ್ಟವಾದದ್ದು. ಈ ಚಾಕುವಿನ ಹಿಡಿಯ ಎರಡೂ ಪಕ್ಕದಲ್ಲಿ, ಕೀಲಿನ ಹಿಂದೆ, ಸಣ್ಣ ಗುಬುಟು ಇದೆ ನೋಡಿ. ಎರಡೂ ಒಂದೇ ಸರಳಿನ ತುದಿಗಳು. ಆ ಸರಳು ಹಿಡಿಯನ್ನು ಅಡ್ಡಲಾಗಿ ದಾಟಿ, ಅಲಗಿನ ಬುಡಕ್ಕೂ ಹಿಂದಿನ ಪಿನ್ನಿಗೂ ನಡುವೆ ಬೆಣೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಮುಂದಕ್ಕೆ ತಳ್ಳಲು ಎರಡು ಕೂದಲೆಳೆಯಂಥ ಸ್ಪ್ರಿಂಗು. ಬೆಂಚ್‌ಮೇಡ್ ಕಂಪನಿ 1998ರಲ್ಲಿ ಆಕ್ಸಿಸ್ ಅನ್ನುವ ಹೆಸರಲ್ಲಿ ತಂದದ್ದು, ಮೆಕ್‌ಹೆನ್ರಿ ಮತ್ತು ವಿಲಿಯಮ್ಸ್ ಅನ್ನುವವರ ವಿನ್ಯಾಸ. ಪೇಟೆಂಟ್ ಅವಧಿ ಮುಗಿದ ಮೇಲೆ ಎಲ್ಲರೂ ಮಾಡತೊಡಗಿದರು, ಕ್ರಾಸ್‌ಬಾರ್ ಲಾಕ್ ಅಂತ ಕರೆಯುತ್ತಾರೆ, ಕಡಿಮೆ ಬೆಲೆಯ ಚಾಕುಗಳಿಗೂ ಬಂದಿದೆ.

ಮುಚ್ಚುವುದು ಹೇಗೆ? ಹೆಬ್ಬೆರಳು, ನಡುಬೆರಳಿನಿಂದ ಎರಡೂ ಗುಬುಟನ್ನು ಹಿಂದಕ್ಕೆ ಎಳೆದು ಹಿಡಿಯಿರಿ, ಅಲಗು ಮಡಿಚಿಕೊಳ್ಳುತ್ತದೆ. ಬೆರಳೆಲ್ಲ ಹಿಡಿಯ ಹೊರಗೆ! ಎಡಗೈಯವರಿಗೂ ಅಷ್ಟೇ ಸಲೀಸು. ಒಂದು ಸ್ಪ್ರಿಂಗ್ ಮುರಿದರೆ ಇನ್ನೊಂದು ಅವತ್ತಿನ ಕೆಲಸ ನಡೆಸುತ್ತದೆ. ಆ ಸ್ಪ್ರಿಂಗೇ ಇದರ ದೌರ್ಬಲ್ಯ ಕೂಡ, ಸುಮ್ನೆ ಕೂತು ಟಕಟಕ ಅಂತ ತೆಗೆದು ಮುಚ್ಚುವ ಚಟ ಇರುವವರು ಬೇಗ ಮುರಿಯುತ್ತಾರೆ. ಸ್ಪೈಡರ್ಕೋ ಕಂಪನಿಯ ಕಂಪ್ರೆಶನ್ ಲಾಕ್ ಕೂಡ ಇದೇ ಒಳ್ಳೆತನದ್ದು. ಅದರ ಪಟ್ಟಿ ಇರುವುದು ಹಿಡಿಯ ಬೆನ್ನಿನ ಕಡೆ, ಅಲಗಿನ ದಾರಿಯಲ್ಲಿ ಅಲ್ಲ. ಅಂದ ಹಾಗೆ, ಚಾಕುವನ್ನು ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ಪು, ಒಂದೇ ಕೈಯಲ್ಲಿ ತೆರೆಯಲು ಅಲಗಿನಲ್ಲಿ ದುಂಡು ತೂತು, ಎರಡನ್ನೂ ಒಟ್ಟಿಗೆ 1981ರಲ್ಲಿ ತಂದವರೂ ಇವರೇ.

ಯಾವುದು ಕೊಳ್ಳಲಿ ಅಂತ ನೇರವಾಗಿ ಕೇಳಿದರೆ: ಊರಿನೊಳಗೆ ಲಾಕ್ ಇಲ್ಲದ ಸ್ವಿಸ್ ಚಾಕು. ಚಾರಣಕ್ಕೆ ಕ್ರಾಸ್‌ಬಾರ್. ಲೈನರ್ ಲಾಕ್ ಈಗಾಗಲೇ ಇದ್ದರೆ ಎಸೆಯಬೇಡಿ, ಎರಡು ಕೈಯಲ್ಲಿ ಮುಚ್ಚುವ ರೂಢಿ ಮಾಡಿಕೊಳ್ಳಿ. ಒಂದು ಕೈಯಲ್ಲಿ ಪಟ್ಟಿ ಒತ್ತಿ, ಇನ್ನೊಂದು ಕೈಯಲ್ಲಿ ಅಲಗಿನ ಬೆನ್ನು ಹಿಡಿದು ಕಾಲು ಭಾಗ ಮಡಿಚಿ ನಿಲ್ಲಿಸಿ, ಹೆಬ್ಬೆರಳು ಹೊರಗೆ ತಗೊಳ್ಳಿ, ಆಮೇಲೆ ಮುಚ್ಚಿ. ಜೂನಾ ಬಜಾರಿನಲ್ಲಿ ಭಾನುವಾರ ಹಳೇ ಚಾಕು ಸಿಗುತ್ತವೆ ಅಂತ ಹೋಗುವವರಿಗೆ ಒಂದು ಮಾತು. ಅಲಗಿನ ಮೇಲೆ ದೊಡ್ಡ ಹೆಸರಿನ ಮುದ್ರೆ ಯಾರು ಬೇಕಾದರೂ ಹೊಡೆಯಬಹುದು. ಮುದ್ರೆ ನೋಡಬೇಡಿ, ಕೀಲು ಅಲ್ಲಾಡಿಸಿ ನೋಡಿ.

ಉಕ್ಕಿನ ಬಗ್ಗೆ ಎರಡೇ ಮಾತು. ಡಿ2 ಅಂತ ಬರುತ್ತದೆ, ನಮ್ಮ ಕಾರ್ಖಾನೆಗಳಲ್ಲಿ ಡೈ ಮಾಡುವ ಅದೇ ಉಕ್ಕು. ಹರಿತ ಚೆನ್ನಾಗಿ ಉಳಿಯುತ್ತದೆ, ಆದರೆ ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಕ್ರೋಮಿಯಂ ಸುಮಾರು 12 ಶೇಕಡಾ ಇದ್ದರೂ ಅದರ ಒಂದು ಪಾಲು ಇಂಗಾಲದ ಜೊತೆ ಸೇರಿ ಕಾರ್ಬೈಡ್ ಆಗಿಬಿಟ್ಟಿರುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆ. ಮಳೆಗಾಲದಲ್ಲಿ ಒದ್ದೆ ಚೀಲದೊಳಗೆ ಬಿಟ್ಟರೆ ಚುಕ್ಕಿ ಬೀಳುತ್ತದೆ. ಗೋವಾದಲ್ಲಿ ಮೀನು ಹಿಡಿಯಲು ಹೋಗುವ ಗೆಳೆಯರು ಕೇಳಿದ್ದಿರಿ, ಉಪ್ಪುನೀರಿಗೆ ಎಚ್1 ಅನ್ನುವ ಉಕ್ಕು ಇದೆ. ಅದರಲ್ಲಿ ಇಂಗಾಲ ತೀರಾ ಕಡಿಮೆ, ಸಮುದ್ರದ ಉಪ್ಪು ಅದಕ್ಕೆ ಲೆಕ್ಕಕ್ಕಿಲ್ಲ.

ಕೀಲಿಗೆ ಎಣ್ಣೆ ಯಾವುದು? ನಮ್ಮವರು ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಹಾಕುತ್ತಾರೆ. ಪುಣೆಯ ಡಿಸೆಂಬರಿನಲ್ಲಿ ಬಾಟಲಿಯೊಳಗೆ ಅದು ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಸಾಕು. ಕೀಲಿನೊಳಗೂ ಅದೇ ಆಗುತ್ತದೆ. ಬೆಳಗಿನ ಚಳಿಯಲ್ಲಿ ಸ್ಪ್ರಿಂಗ್ ಆ ಹೆಪ್ಪನ್ನು ತಳ್ಳಿಕೊಂಡು ಹೋಗಬೇಕು, ಲಾಕ್ ಅರ್ಧಕ್ಕೆ ನಿಂತರೂ ಆಶ್ಚರ್ಯ ಇಲ್ಲ. ಔಷಧಿ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಸಿಗುತ್ತದೆ, ಹಣ್ಣು ಹೆಚ್ಚುವ ಚಾಕುವಿಗೆ ಅದರ ಒಂದು ಹನಿ ಸಾಕು. ಹಾಕುವ ಮೊದಲು ಪಾತ್ರೆ ತೊಳೆಯುವ ಸೋಪಿನಿಂದ ಬಿಸಿನೀರಲ್ಲಿ ತೊಳೆದು ಒಣಗಿಸಿ.

ಕಾನೂನಿನ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತಿದೆ, ಮನೆ, ಹೊಲ, ಕಾರ್ಖಾನೆ ಕೆಲಸದ ಉಪಕರಣಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ನಮ್ಮ ಚಾಕುಗಳು ಆ ಅಳತೆಯ ಹತ್ತಿರವೂ ಬರುವುದಿಲ್ಲ. ಆದರೆ ಅಷ್ಟಕ್ಕೆ ನಿಲ್ಲಬೇಡಿ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನ ಪ್ರಕಾರ ಪೊಲೀಸ್ ಕಮಿಷನರು ಹಬ್ಬ, ಚುನಾವಣೆ ಸಮಯದಲ್ಲಿ ನಿಷೇಧದ ಆದೇಶ ಹೊರಡಿಸಬಹುದು, ಅದರ ಪಟ್ಟಿಯಲ್ಲಿ ದೊಣ್ಣೆ, ಭರ್ಜಿಯ ಜೊತೆ ಚಾಕುವೂ ಇದೆ. ಉದ್ದದ ಮಾತೇ ಇಲ್ಲ. ಗಣೇಶೋತ್ಸವದ ಗದ್ದಲದಲ್ಲಿ ಜೇಬಲ್ಲಿ ಚಾಕು ಯಾಕೆ ಬೇಕು ಹೇಳಿ, ಮನೆಯಲ್ಲಿಡಿ. ವಿಮಾನ ಹತ್ತುವವರು ಚೆಕ್ ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ ಮರೆತು ಲೋಹಗಾಂವ್ ವಿಮಾನ ನಿಲ್ದಾಣದವರೆಗೆ ಹೋದರೆ ಅಲ್ಲೇ ಬಿಟ್ಟು ಹತ್ತಬೇಕಾಗುತ್ತದೆ. ಮತ್ತೆ, ಮುಂಬೈ ಸಿನಿಮಾಗಳಲ್ಲಿ ರಾಂಪುರಿ ಚಾಕು ತೆರೆದ ಸದ್ದಿಗೇ ಜನ ಬೆಚ್ಚುವುದನ್ನು ನೋಡಿ ಬೆಳೆದ ಊರುಗಳು ಇವು. ಲೋಕಲ್ ರೈಲಿನ ಡಬ್ಬಿಯಲ್ಲಿ ಒಂದೇ ಕೈಯಲ್ಲಿ ಟಕ್ ಅನಿಸಿ ಸೇಬು ಹೆಚ್ಚಲು ಹೋದರೆ ಎದುರಿಗೆ ಕೂತವರು ಏನಂದುಕೊಳ್ಳಬೇಕು? ಎರಡು ಕೈಯಲ್ಲಿ ನಿಧಾನವಾಗಿ ತೆರೆಯುವ ಕೆಂಪು ಹಿಡಿಯದಾದರೆ ಅವರೇ ಒಂದು ಹೋಳು ಕೇಳುತ್ತಾರೆ.

ಕೊನೆಗೆ, ಹತ್ತು ವರ್ಷದ ಮಗನಿಗೆ ಯಾವುದು ಕೊಡಲಿ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಒಪಿನೆಲ್‌ನಲ್ಲಿ ಮಕ್ಕಳಿಗೆ ಅಂತಲೇ 7ನೇ ನಂಬರಿನದು ಒಂದಿದೆ, ತುದಿ ದುಂಡಗಿರುತ್ತದೆ, ಕುತ್ತಿಗೆಯ ಉಂಗುರವೂ ಇದೆ. ತುದಿ ಇಲ್ಲದ ಕಾರಣ ಚುಚ್ಚುವ ಆಸೆ ಬರುವುದಿಲ್ಲ. ಅವನು ಕೂತು ಕೆಲಸ ಮಾಡಲಿ, ತನ್ನಿಂದ ಹೊರಕ್ಕೆ ಕುಯ್ಯಲಿ. ಮೊದಲ ವಾರ ಬರೀ ಉಂಗುರ ತಿರುಗಿಸಿ ತೆರೆದು ಮುಚ್ಚುವುದನ್ನು ನಿಮ್ಮ ಎದುರಿಗೆ ಮಾಡಲಿ, ಪೆನ್ಸಿಲ್ ಆಮೇಲೆ ಕೊಡಿ.